ಗೆದ್ದವರನ್ನು ಗುರುತಿಸುವ ಬಗೆ: ಬಾಕ್ಸಿಂಗ್ ತೀರ್ಪಿನ ಚರಿತ್ರೆ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದ ಬರಿಗೈ ಮುಷ್ಟಿಕಾಳಗಕ್ಕೆ ಅಂಕಗಳ ಲೆಕ್ಕ ಬೇಕಿರಲಿಲ್ಲ. 1743ರಲ್ಲಿ ಜ್ಯಾಕ್ ಬ್ರೌಟನ್ ರೂಪಿಸಿದ ನಿಯಮಗಳ ಪ್ರಕಾರ ಅಟ್ಟಣೆಯ ನಡುವೆ ಸೀಮೆಸುಣ್ಣದಿಂದ ಒಂದು ಗಜದ ಚೌಕವನ್ನು ಬರೆಯಲಾಗುತ್ತಿತ್ತು. ಪೆಟ್ಟು ತಿಂದು ಬಿದ್ದವನು ಅರ್ಧ ನಿಮಿಷದೊಳಗೆ ಅದರ ಅಂಚಿಗೆ ಬಂದು ನಿಲ್ಲದಿದ್ದರೆ ಸೋತಂತೆ. ನೆರೆದವರಲ್ಲಿ ಇಬ್ಬರನ್ನು ಪಂಚರನ್ನಾಗಿ ಆರಿಸಿಕೊಳ್ಳುವ ರೂಢಿಯಿತ್ತಾದರೂ ಅವರ ಪಾಲಿಗೆ ಬರುತ್ತಿದ್ದುದು ತಕರಾರು ಬಗೆಹರಿಸುವ ಕೆಲಸ ಮಾತ್ರ. ಪದ್ಧತಿ ಕ್ರೂರವಾಗಿತ್ತು, ಆದರೆ ಸೋಲನ್ನು ಸೋತವನ ದೇಹವೇ ಸಾರುತ್ತಿದ್ದುದರಿಂದ ಗೆಲುವಿನ ಬಗ್ಗೆ ಸಂಶಯಕ್ಕೆ ಎಡೆ ಕಡಿಮೆಯಿತ್ತು.

1867ರ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸನ್ನೂ ಮೂರು ನಿಮಿಷದ ಸುತ್ತನ್ನೂ ತಂದವು; ಕ್ರಮೇಣ ಸುತ್ತುಗಳ ಸಂಖ್ಯೆಗೂ ಮಿತಿ ಬಿದ್ದು, ಕೊನೆಯ ಗಂಟೆ ಹೊಡೆದಾಗ ಇಬ್ಬರೂ ನಿಂತೇ ಇರುವ ಪ್ರಸಂಗಗಳು ಹೆಚ್ಚಿದಂತೆ, ತೀರ್ಪು ಹೋರಾಳಿಗಳ ಮೈಯಿಂದ ನೋಡುವವರ ಕಣ್ಣಿಗೆ ವರ್ಗವಾಯಿತು. ಆ ಕಣ್ಣಿನ ಮೇಲೆ ಕಾನೂನಿಗೂ ನಂಬಿಕೆಯಿರಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 1911ರಿಂದ 1917ರವರೆಗೆ ಜಾರಿಯಲ್ಲಿದ್ದ ಫ್ರಾಲಿ ಕಾಯಿದೆ ಅಂಕದ ತೀರ್ಪನ್ನೇ ನಿಷೇಧಿಸಿದ್ದರಿಂದ, ಗೆದ್ದವರು ಯಾರೆಂಬುದನ್ನು ಪತ್ರಿಕೆಗಳ ವರದಿಗಾರರು ಹೇಳಬೇಕಾಯಿತು. 1920ರ ವಾಕರ್ ಕಾಯಿದೆಯ ನಂತರವೇ ಅಲ್ಲಿ ಅಧಿಕೃತ ತೀರ್ಪು ನೆಲೆಗೊಂಡಿತು.

ವೃತ್ತಿಪರ ಬಾಕ್ಸಿಂಗಿನಲ್ಲಿ ಮುಂದೆ ಬಳಕೆಗೆ ಬಂದ ಅಳತೆಗೋಲುಗಳು ನಾಲ್ಕು: ಸ್ವಚ್ಛವಾಗಿ ತಾಗಿದ ಹೊಡೆತ, ಫಲ ಕೊಡುವ ಆಕ್ರಮಣ, ರಕ್ಷಣೆ, ಹಾಗೂ ಕಣದ ಮೇಲಿನ ಹಿಡಿತ, ಎಂದರೆ ಕಾಳಗ ಯಾವ ವೇಗದಲ್ಲಿ, ಎಷ್ಟು ಅಂತರದಲ್ಲಿ ನಡೆಯಬೇಕೆಂಬುದನ್ನು ತಾನೇ ನಿರ್ಧರಿಸುವ ಶಕ್ತಿ. ಮುನ್ನುಗ್ಗುವವನೆಲ್ಲ ಆಕ್ರಮಣಕಾರನಲ್ಲ, ನುಗ್ಗಿ ಪೆಟ್ಟು ತಿನ್ನುವವನಿಗೆ ಅದರಿಂದ ಯಾವ ಶ್ರೇಯಸ್ಸೂ ಸಲ್ಲಬಾರದು.

ಹವ್ಯಾಸಿ ಬಾಕ್ಸಿಂಗಿನಲ್ಲಿ ತೀರ್ಪುಗಾರರ ಕಣ್ಣಿನ ಮೇಲಿನ ವಿಶ್ವಾಸ ಕುಸಿದದ್ದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ. ಫೈನಲ್‌ನಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಹೊಡೆತಗಳನ್ನು ತಾಗಿಸಿ 32ನ್ನು ಮಾತ್ರ ತಿಂದಿದ್ದರೂ ತೀರ್ಪು 3-2ರಿಂದ ಆತಿಥೇಯ ದೇಶದ ಪಾರ್ಕ್ ಸಿ-ಹುನ್ ಪರವಾಗಿ ಬಂತು; ಅದೇ ಕೂಟದ ಶ್ರೇಷ್ಠ ಬಾಕ್ಸರ್‌ಗೆ ಸಲ್ಲುವ ವಾಲ್ ಬಾರ್ಕರ್ ಟ್ರೋಫಿ ಮಾತ್ರ ಸೋತ ಜೋನ್ಸ್‌ಗೇ ದಕ್ಕಿತು. ಪರಿಹಾರವೆಂದು 1992ರ ಬಾರ್ಸಿಲೋನಾ ಕೂಟಕ್ಕೆ ಗಣಕಯಂತ್ರ ಬಂತು. ಐವರು ತೀರ್ಪುಗಾರರ ಮುಂದೆ ಕೆಂಪು ಮತ್ತು ನೀಲಿ ಮೂಲೆಗಳಿಗೆ ಬೇರೆ ಬೇರೆ ಗುಂಡಿಗಳಿರುತ್ತಿದ್ದವು. ಕೈಗವಸಿನ ಬೆರಳಗೆಣ್ಣಿನ ಭಾಗ ಎದುರಾಳಿಗೆ ತಾಗಿದ್ದನ್ನು ಕಂಡು ಕನಿಷ್ಠ ಮೂವರು ಒಂದು ಸೆಕೆಂಡಿನೊಳಗೆ ಗುಂಡಿ ಒತ್ತಿದರಷ್ಟೇ ಒಂದು ಅಂಕ. ಆದರೆ ಹೊಟ್ಟೆ, ಪಕ್ಕೆಗಳಿಗೆ ಬಿದ್ದ ಬಿರುಸಾದ ಪೆಟ್ಟುಗಳೂ ಬೆನ್ನುಬೆನ್ನಿಗೆ ಬಂದ ಹೊಡೆತಗಳ ಸರಣಿಯೂ ಬೆರಳ ವೇಗಕ್ಕೆ ಸಿಗದೆ ಜಾರಿಹೋದವು. ಬಾಕ್ಸರ್‌ಗಳು ಸಹ ದೂರ ನಿಂತು ತಲೆಗೆ ಒಂಟಿ ಹೊಡೆತ ಕೊಟ್ಟು ಹಿಂದೆ ಸರಿಯುವ ಆಟವನ್ನು ರೂಢಿಸಿಕೊಂಡರು. ಪಕ್ಷಪಾತವನ್ನು ತಡೆಯಲು ಹೊರಟ ಯಂತ್ರ ಕಲೆಯನ್ನೇ ಬಡವಾಗಿಸಿತೆನ್ನುವುದು ಉತ್ಪ್ರೇಕ್ಷೆಯಲ್ಲ.

2013ರಲ್ಲಿ ಗುಂಡಿಗಳು ಮೂಲೆ ಸೇರಿ, ಸುತ್ತನ್ನು ಗೆದ್ದವರಿಗೆ 10, ಸೋತವರಿಗೆ 9 ಅಥವಾ ಅದಕ್ಕೂ ಕಡಿಮೆ ಅಂಕ ಕೊಡುವ ವೃತ್ತಿಪರ ಕ್ರಮ ಹವ್ಯಾಸಿ ಕಣಕ್ಕೂ ಬಂತು. ಮರುವರ್ಷವೇ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲ್ ತೀರ್ಪನ್ನು ಒಪ್ಪದ ಮಣಿಪುರದ ಸರಿತಾ ದೇವಿ ಕಂಚಿನ ಪದಕವನ್ನು ಕೊರಳಿಗೆ ಹಾಕಿಸಿಕೊಳ್ಳಲು ನಿರಾಕರಿಸಿದರು. ಶಿಸ್ತುಭಂಗಕ್ಕಾಗಿ ಅವರಿಗೆ ನಿಷೇಧ ಬಂತು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಐರ್ಲೆಂಡಿನ ಮೈಕೆಲ್ ಕಾನ್ಲನ್ ವಿರುದ್ಧ ಗೆದ್ದನೆಂದು ಘೋಷಿತನಾದ ರಷ್ಯಾದ ವ್ಲಾದಿಮಿರ್ ನಿಕಿಟಿನ್, ಗಾಯಗಳಿಂದಾಗಿ ಮುಂದಿನ ಪಂದ್ಯಕ್ಕೆ ಕಣಕ್ಕಿಳಿಯಲೇ ಇಲ್ಲ. ಬ್ರೌಟನ್ನನ ಚೌಕದ ನಿಯಮದಲ್ಲಿ ಹಾಗೆ ನಿಲ್ಲಲಾರದವನು ಗೆದ್ದವನಾಗುತ್ತಿರಲಿಲ್ಲ. ಆ ಕೂಟದ 36 ತೀರ್ಪುಗಾರರನ್ನೂ ರೆಫರಿಗಳನ್ನೂ ಬದಿಗಿರಿಸಲಾಯಿತು. ಟೋಕಿಯೋದ ಬಾಕ್ಸಿಂಗ್ ಸ್ಪರ್ಧೆಯ ಹೊಣೆಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ತನ್ನ ಕೈಗೇ ತೆಗೆದುಕೊಂಡಿತು.