ಕೊಡವ ಕೌಟುಂಬಿಕ ಹಾಕಿ ಉತ್ಸವ

ಕೊಡವ ಕೌಟುಂಬಿಕ ಹಾಕಿ ಉತ್ಸವವು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಪ್ರತಿವರ್ಷ ಬೇಸಿಗೆಯಲ್ಲಿ ನಡೆಯುವ ಹಾಕಿ ಪಂದ್ಯಾವಳಿ. ಕೊಡವ ಭಾಷೆಯಲ್ಲಿ ಇದನ್ನು 'ಕೊಡವ ಹಾಕಿ ನಮ್ಮೆ' ಎಂದು ಕರೆಯುತ್ತಾರೆ. 'ನಮ್ಮೆ' ಎಂದರೆ ಹಬ್ಬ. ಇದರಲ್ಲಿ ಕ್ಲಬ್, ಶಾಲೆ ಅಥವಾ ಊರಿನ ತಂಡಗಳು ಸ್ಪರ್ಧಿಸುವುದಿಲ್ಲ. ಒಂದೇ ಮನೆತನದ ಹೆಸರನ್ನು ಹೊತ್ತ ಕೊಡವ ಕುಟುಂಬಗಳು, ಅಂದರೆ 'ಒಕ್ಕ'ಗಳು, ಪರಸ್ಪರ ಸೆಣಸುತ್ತವೆ. 1997ರಲ್ಲಿ ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದಲ್ಲಿ 60 ಕುಟುಂಬಗಳೊಂದಿಗೆ ಆರಂಭವಾದ ಈ ಪಂದ್ಯಾವಳಿಯಲ್ಲಿ 2024ರಲ್ಲಿ 360 ಕುಟುಂಬಗಳು ಭಾಗವಹಿಸಿದವು. ಭಾಗವಹಿಸುವ ತಂಡಗಳ ಸಂಖ್ಯೆಯಿಂದ ಇದು ಜಗತ್ತಿನ ಅತಿ ದೊಡ್ಡ ಹಾಕಿ ಪಂದ್ಯಾವಳಿ ಎಂಬ ಮನ್ನಣೆ ಪಡೆದಿದೆ.

ಹಿನ್ನೆಲೆ

ಒಕ್ಕ ವ್ಯವಸ್ಥೆ

ಕೊಡವ ಸಮಾಜದ ಮೂಲ ಘಟಕ ಒಕ್ಕ. ಒಬ್ಬ ಮೂಲಪುರುಷನಿಂದ ಬಂದ ಗಂಡುಸಂತತಿಯ ಎಲ್ಲ ಸಂಸಾರಗಳೂ ಒಂದು ಒಕ್ಕಕ್ಕೆ ಸೇರುತ್ತವೆ. ಆ ಮೂಲಪುರುಷನನ್ನು 'ಕಾರೋಣ' ಎಂದು ಪೂಜಿಸುತ್ತಾರೆ. ಒಕ್ಕದ ಪೂರ್ವಿಕರ ಮನೆಗೆ 'ಐನ್‌ಮನೆ' ಎಂದೂ, ಹಿರಿಯ ಯಜಮಾನನಿಗೆ 'ಪಟ್ಟೆದಾರ' ಎಂದೂ ಹೆಸರು. ಒಂದೇ ಒಕ್ಕದ ಗಂಡುಹೆಣ್ಣುಗಳ ನಡುವೆ ವಿವಾಹ ನಿಷಿದ್ಧ. ವ್ಯಕ್ತಿಯ ಹೆಸರಿಗೆ ಮೊದಲು ಮನೆತನದ ಹೆಸರನ್ನು ಸೇರಿಸಿ ಹೇಳುವುದು ರೂಢಿ. ಪಾಂಡಂಡ, ಕಲಿಯಂಡ, ಕುಲ್ಲೇಟಿರ, ಚೆಪ್ಪುಡೀರ, ನೆಲ್ಲಮಕ್ಕಡ ಮುಂತಾದವು ಇಂತಹ ಮನೆತನದ ಹೆಸರುಗಳು.

ಹಿಂದೆ ಒಕ್ಕದ ಬಹುಪಾಲು ಸದಸ್ಯರು ಐನ್‌ಮನೆಯಲ್ಲಿ ಅಥವಾ ಅದರ ಸುತ್ತಲಿನ ಗದ್ದೆ, ತೋಟಗಳ ನಡುವೆ ವಾಸಿಸುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಸೇನೆ, ಸರ್ಕಾರಿ ನೌಕರಿ ಮತ್ತು ಉನ್ನತ ಶಿಕ್ಷಣದ ಕಾರಣಗಳಿಂದ ಅನೇಕರು ಮೈಸೂರು, ಬೆಂಗಳೂರು ಹಾಗೂ ಹೊರದೇಶಗಳಿಗೆ ತೆರಳಿದರು. ಐನ್‌ಮನೆಯಲ್ಲಿ ನಡೆಯುವ ಹಬ್ಬ, ಮದುವೆ, ಸಾವಿನ ಸಂದರ್ಭಗಳನ್ನು ಬಿಟ್ಟರೆ ಒಕ್ಕದವರು ಒಂದೆಡೆ ಸೇರುವುದು ಅಪರೂಪವಾಯಿತು. ಒಂದೇ ಮನೆತನದ ಹೆಸರು ಹೊತ್ತ ಕಿರಿಯರಿಗೆ ಪರಸ್ಪರ ಪರಿಚಯವಿಲ್ಲದ ಸ್ಥಿತಿಯೂ ಉಂಟಾಯಿತು. ಹಾಕಿ ಉತ್ಸವದ ಹುಟ್ಟಿಗೆ ಈ ಸಾಮಾಜಿಕ ಬದಲಾವಣೆಯೇ ಮುಖ್ಯ ಹಿನ್ನೆಲೆ.

ಕೊಡಗಿನಲ್ಲಿ ಹಾಕಿ

ಕೊಡಗನ್ನು ಭಾರತೀಯ ಹಾಕಿಯ ತೊಟ್ಟಿಲು ಎಂದು ಬಣ್ಣಿಸುವುದುಂಟು. ಸೇನೆಯೊಂದಿಗೆ ಕೊಡಗಿನ ಜನರಿಗಿದ್ದ ನಿಕಟ ಸಂಬಂಧವು ಈ ಆಟ ಇಲ್ಲಿ ಬೇರೂರಲು ನೆರವಾಯಿತು. ಶಾಲಾ ಮೈದಾನಗಳಲ್ಲಿಯೂ, ಕೊಯ್ಲು ಮುಗಿದ ಬಯಲುಗಳಲ್ಲಿಯೂ ಮಕ್ಕಳು ಹಾಕಿ ಆಡುತ್ತಿದ್ದರು.

ಜಿಲ್ಲೆಯಿಂದ ಹಲವರು ಭಾರತ ತಂಡವನ್ನು ಪ್ರತಿನಿಧಿಸಿದ್ದಾರೆ. ಎಂ. ಪಿ. ಗಣೇಶ್ ಅವರು 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರಾಗಿದ್ದರು. ಬಿ. ಪಿ. ಗೋವಿಂದ ಅವರು 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಸದಸ್ಯರು. ಮನೆಯಪಂಡ ಎಂ. ಸೋಮಯ್ಯ ಅವರು 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದರು ಮತ್ತು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದರು. ಗೋಲ್‌ಕೀಪರ್ ಎ. ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ, ವಿ. ಆರ್. ರಘುನಾಥ್, ಎಸ್. ವಿ. ಸುನಿಲ್, ಎಸ್. ಕೆ. ಉತ್ತಪ್ಪ ಮತ್ತು ನಿಕಿನ್ ತಿಮ್ಮಯ್ಯ ನಂತರದ ತಲೆಮಾರುಗಳ ಪ್ರಮುಖ ಆಟಗಾರರು.

ಆರಂಭ

ಉತ್ಸವದ ಸ್ಥಾಪಕರು ಪಾಂಡಂಡ ಕುಟ್ಟಪ್ಪ. ಕುಟ್ಟಣಿ ಎಂಬ ಹೆಸರಿನಿಂದ ಪರಿಚಿತರಾಗಿದ್ದ ಅವರು ಬ್ಯಾಂಕ್ ಉದ್ಯೋಗಿಯಾಗಿದ್ದರು. ಹಾಕಿ ಆಟಗಾರರೂ ತೀರ್ಪುಗಾರರೂ ಆಗಿದ್ದರು. ಚದುರಿಹೋದ ಕುಟುಂಬಗಳನ್ನು ಒಂದುಗೂಡಿಸಲು ಪ್ರತಿ ಮನೆಯವರೂ ಬಲ್ಲ ಆಟವೇ ಸೂಕ್ತ ಸಾಧನವೆಂಬುದು ಅವರ ಆಲೋಚನೆಯಾಗಿತ್ತು. ಯುವ ಪ್ರತಿಭೆಗಳನ್ನು ಗುರುತಿಸುವುದು ಮತ್ತೊಂದು ಉದ್ದೇಶ.

ಮೊದಲ ಪಂದ್ಯಾವಳಿಯನ್ನು 1997ರಲ್ಲಿ ಪಾಂಡಂಡ ಕುಟುಂಬವೇ ಕರಡದಲ್ಲಿ ನಡೆಸಿತು. ಕಲಿಯಂಡ ಕುಟುಂಬದ ತಂಡ ಮೊದಲ ಪ್ರಶಸ್ತಿ ಗೆದ್ದಿತು. ಮರುವರ್ಷ ಆತಿಥ್ಯದ ಹೊಣೆಯನ್ನು ಕೋಡೀರ ಕುಟುಂಬ ವಹಿಸಿಕೊಂಡಿತು. ಬಳಿಕ 1999ರಲ್ಲಿ ಬಲ್ಲಚಂಡ, 2000ದಲ್ಲಿ ಚೆಪ್ಪುಡೀರ ಕುಟುಂಬಗಳು ಉತ್ಸವ ನಡೆಸಿದವು. ಹೀಗೆ ವರ್ಷಕ್ಕೊಂದು ಕುಟುಂಬ ಆತಿಥೇಯವಾಗುವ ಪದ್ಧತಿ ನೆಲೆಗೊಂಡಿತು. ಕುಟ್ಟಪ್ಪ ಅವರು 2020ರಲ್ಲಿ ನಿಧನರಾದರು.

ಸ್ವರೂಪ

ಆತಿಥ್ಯ

ಪ್ರತಿ ಆವೃತ್ತಿಯ ಕಪ್ಪಿಗೆ ಆ ವರ್ಷ ಉತ್ಸವ ನಡೆಸುವ ಕುಟುಂಬದ ಹೆಸರಿರುತ್ತದೆ. ಮೈದಾನದ ಸಿದ್ಧತೆ, ವೀಕ್ಷಕರ ತಾತ್ಕಾಲಿಕ ಗ್ಯಾಲರಿಗಳು, ವೇಳಾಪಟ್ಟಿ, ಊಟೋಪಚಾರ, ಹಣ ಸಂಗ್ರಹ ಇವೆಲ್ಲವೂ ಆತಿಥೇಯ ಒಕ್ಕದ ಹೊಣೆ. ರಾಜ್ಯ ಸರ್ಕಾರದ ಅನುದಾನ ಮತ್ತು ದಾನಿಗಳ ನೆರವು ದೊರೆತರೂ ಖರ್ಚಿನ ದೊಡ್ಡ ಭಾಗಕ್ಕಾಗಿ ಒಕ್ಕದ ಸದಸ್ಯರೇ ಶ್ರಮಿಸಬೇಕಾಗುತ್ತದೆ. ಆದ್ದರಿಂದ ಕುಟುಂಬಗಳು ಆತಿಥ್ಯದ ಸರದಿಯನ್ನು ಹಲವು ವರ್ಷ ಮೊದಲೇ ಕಾಯ್ದಿರಿಸುತ್ತವೆ. ಅಂತಿಮ ಪಂದ್ಯದ ದಿನ ಉತ್ಸವದ ಧ್ವಜವನ್ನು ಮುಂದಿನ ವರ್ಷದ ಆತಿಥೇಯ ಕುಟುಂಬಕ್ಕೆ ಹಸ್ತಾಂತರಿಸಲಾಗುತ್ತದೆ. ಪಂದ್ಯಾವಳಿಯ ಮೇಲ್ವಿಚಾರಣೆಯಲ್ಲಿ ಕೊಡವ ಹಾಕಿ ಅಕಾಡೆಮಿ ಪಾಲ್ಗೊಳ್ಳುತ್ತದೆ.

ಕಾಲ

ಪಂದ್ಯಗಳು ಸಾಮಾನ್ಯವಾಗಿ ಏಪ್ರಿಲ್ ಮತ್ತು ಮೇ ತಿಂಗಳ ಅವಧಿಯಲ್ಲಿ, ಸುಮಾರು ಒಂದು ತಿಂಗಳ ಕಾಲ ನಡೆಯುತ್ತವೆ. ಆ ವೇಳೆಗೆ ಕಾಫಿ ಮತ್ತು ಕರಿಮೆಣಸಿನ ಕೊಯ್ಲು ಬಹುತೇಕ ಮುಗಿದಿರುತ್ತದೆ, ಶಾಲೆಗಳಿಗೆ ರಜೆಯಿರುತ್ತದೆ. ಜೂನ್‌ನಲ್ಲಿ ಮುಂಗಾರು ಹಿಡಿದರೆ ಕೊಡಗಿನ ಹುಲ್ಲಿನ ಮೈದಾನಗಳಲ್ಲಿ ಆಟ ಸಾಧ್ಯವಾಗುವುದಿಲ್ಲ.

ಪಂದ್ಯಗಳ ಲೆಕ್ಕ

ಪಂದ್ಯಾವಳಿ ನಾಕೌಟ್ ಮಾದರಿಯದು. ಪ್ರತಿ ಪಂದ್ಯದಲ್ಲಿ ಒಂದು ತಂಡ ಹೊರಬೀಳುವುದರಿಂದ 60 ತಂಡಗಳಿದ್ದಾಗ ವಿಜೇತರ ನಿರ್ಣಯಕ್ಕೆ 59 ಪಂದ್ಯಗಳು ಸಾಕು. 360 ತಂಡಗಳಿಗೆ 359 ಪಂದ್ಯಗಳ ವೇಳಾಪಟ್ಟಿ ಬೇಕು. ಈ ಕಾರಣದಿಂದ ಆರಂಭಿಕ ಸುತ್ತುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದಕ್ಕಿಂತ ಹೆಚ್ಚು ಮೈದಾನಗಳಲ್ಲಿ ಪಂದ್ಯಗಳನ್ನು ನಡೆಸಲಾಗುತ್ತದೆ. ಕೊನೆಯ ಸುತ್ತುಗಳು ಮುಖ್ಯ ಮೈದಾನದಲ್ಲಿ ನಡೆಯುತ್ತವೆ. ಸಮಬಲವಾದಾಗ ಶೂಟೌಟ್ ಮೂಲಕ ಫಲಿತಾಂಶ ನಿರ್ಧರಿಸುತ್ತಾರೆ.

ಆಟಗಾರರ ಅರ್ಹತೆ

ತಂಡದ ಎಲ್ಲ ಆಟಗಾರರೂ ಒಂದೇ ಒಕ್ಕಕ್ಕೆ ಸೇರಿದವರಾಗಿರಬೇಕು. ವಯಸ್ಸಿನ ಮಿತಿಯಿಲ್ಲ. ಶಾಲಾ ಬಾಲಕರೂ ಎಪ್ಪತ್ತು ದಾಟಿದ ಹಿರಿಯರೂ ಒಂದೇ ತಂಡದಲ್ಲಿ ಆಡಿದ ನಿದರ್ಶನಗಳಿವೆ. ಮಹಿಳೆಯರು ಪುರುಷರೊಂದಿಗೆ ಅದೇ ತಂಡದಲ್ಲಿ ಆಡಬಹುದು. ವಿವಾಹಿತ ಮಹಿಳೆಗೆ ತವರಿನ ಒಕ್ಕದ ಪರವಾಗಿಯೋ ಗಂಡನ ಒಕ್ಕದ ಪರವಾಗಿಯೋ ಆಡುವ ಅವಕಾಶವಿದೆ. ಒಕ್ಕದ ಸದಸ್ಯತ್ವ ಗಂಡುಸಂತತಿಯನ್ನು ಅನುಸರಿಸುವ ಸಮಾಜದಲ್ಲಿ ಈ ನಿಯಮಕ್ಕೆ ವಿಶೇಷ ಮಹತ್ವವಿದೆ: ಮದುವೆಯಾಗಿ ಹೋದ ಮಗಳು ತವರಿನ ಹೆಸರಿನಲ್ಲಿ ಮತ್ತೆ ಕಣಕ್ಕಿಳಿಯಬಹುದು. ಚಿಕ್ಕ ಒಕ್ಕಗಳಿಗೆ ಹನ್ನೊಂದು ಮಂದಿಯನ್ನು ಹೊಂದಿಸಲು ಇದು ನೆರವಾಗುತ್ತದೆ.

ಅಂತರರಾಷ್ಟ್ರೀಯ ಆಟಗಾರನೊಬ್ಬ ಒಂದು ತಂಡದಲ್ಲಿದ್ದು, ಎದುರಾಳಿ ತಂಡದಲ್ಲಿ ವರ್ಷಗಳ ನಂತರ ಕೋಲು ಹಿಡಿದ ಬೆಳೆಗಾರರೂ ವಿದ್ಯಾರ್ಥಿನಿಯರೂ ಇರುವುದು ಆರಂಭಿಕ ಸುತ್ತುಗಳಲ್ಲಿ ಸಾಮಾನ್ಯ. ಸೋಲು ಖಚಿತವೆಂದು ತಿಳಿದೂ ಅನೇಕ ಕುಟುಂಬಗಳು ತಂಡ ಕಳುಹಿಸುತ್ತವೆ. ಪಟ್ಟಿಯಲ್ಲಿ ಮನೆತನದ ಹೆಸರಿರಬೇಕೆಂಬುದೇ ಅವರ ಆಶಯ.

ಆಚರಣೆಗಳು

ಉತ್ಸವದ ಉದ್ಘಾಟನೆ ಕೊಡವ ಸಂಪ್ರದಾಯದಂತೆ ನಡೆಯುತ್ತದೆ. ಪುರುಷರು ಕುಪ್ಯಚೇಲೆ, ಮಹಿಳೆಯರು ಕೊಡವ ಶೈಲಿಯ ಸೀರೆ ಧರಿಸಿ ಮೆರವಣಿಗೆಯಲ್ಲಿ ಬರುತ್ತಾರೆ. ದುಡಿ ಮತ್ತು ಕೊಡವ ವಾಲಗದ ಹಿಮ್ಮೇಳವಿರುತ್ತದೆ. ಕೋವಿಯಿಂದ ಗಾಳಿಯಲ್ಲಿ ಗುಂಡು ಹಾರಿಸಿ ಪಂದ್ಯಗಳಿಗೆ ಚಾಲನೆ ನೀಡುವುದು ರೂಢಿಯಲ್ಲಿದೆ. ಕೋವಿಯು ಕೊಡವರ ಹುಟ್ಟು, ಸಾವು ಮತ್ತು ಹಬ್ಬಗಳ ಆಚರಣೆಯ ಅಂಗವಾಗಿದ್ದು, ಬ್ರಿಟಿಷರ ಕಾಲದಿಂದ ಪರವಾನಗಿಯ ವಿಷಯದಲ್ಲಿ ಅವರಿಗೆ ದೊರೆತಿರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ವಿಸ್ತರಿಸಿತು. ಅಂತಿಮ ಪಂದ್ಯದ ದಿನ ಸಾವಿರಾರು ಜನ ಸೇರುತ್ತಾರೆ. ಸಾಂಸ್ಕೃತಿಕ ಪ್ರದರ್ಶನಗಳೂ ಹಿರಿಯ ಆಟಗಾರರಿಗೆ ಸನ್ಮಾನವೂ ನಡೆಯುತ್ತವೆ.

ಬೆಳವಣಿಗೆ ಮತ್ತು ಪೈಪೋಟಿ

ಎರಡನೆಯ ಆವೃತ್ತಿಯಲ್ಲಿಯೇ ತಂಡಗಳ ಸಂಖ್ಯೆ ನೂರನ್ನು ದಾಟಿತು. ನಂತರದ ವರ್ಷಗಳಲ್ಲಿ ಅದು ಇನ್ನೂರು, ಮುನ್ನೂರನ್ನು ಮೀರಿತು. ಕರಡದಂತಹ ಗ್ರಾಮದಿಂದ ಹೊರಟ ಉತ್ಸವ ಪೊನ್ನಂಪೇಟೆ, ನಾಪೋಕ್ಲು, ಮಡಿಕೇರಿ ಮುಂತಾದ ಕಡೆಗಳಲ್ಲಿ ನಡೆದಿದೆ. ನಾಪೋಕ್ಲುವಿನ ಚೆರಿಯಪರಂಬು ಮೈದಾನ ಹಲವು ಆವೃತ್ತಿಗಳಿಗೆ ವೇದಿಕೆಯಾಗಿದೆ.

ಕೂತಂಡ, ಕುಲ್ಲೇಟಿರ, ನೆಲ್ಲಮಕ್ಕಡ, ಅಂಜಪರವಂಡ, ಪಳಂಗಂಡ, ಚೇಂದಂಡ ಮುಂತಾದವು ಉತ್ಸವದ ಪ್ರಬಲ ತಂಡಗಳೆಂದು ಹೆಸರಾಗಿವೆ. ಆರಂಭದ ವರ್ಷಗಳಲ್ಲಿ ಕೂತಂಡ ಮತ್ತು ಕುಲ್ಲೇಟಿರ ಕುಟುಂಬಗಳ ನಡುವಿನ ಪೈಪೋಟಿ ಪ್ರೇಕ್ಷಕರ ವಿಶೇಷ ಆಸಕ್ತಿಯ ವಿಷಯವಾಗಿತ್ತು. ಕೊಡವ ಕುಟುಂಬಗಳು ವೈವಾಹಿಕ ಸಂಬಂಧಗಳಿಂದ ಪರಸ್ಪರ ಹೆಣೆದುಕೊಂಡಿರುವುದರಿಂದ ಎದುರಾಳಿ ತಂಡದಲ್ಲಿ ಸೋದರಮಾವ, ಭಾವ ಅಥವಾ ಅಳಿಯನಿರುವುದು ಸಹಜ. ಮೈದಾನದಲ್ಲಿ ಪಂದ್ಯ ಬಿರುಸಾಗಿದ್ದರೂ ಅದು ಮುಗಿದ ಮೇಲೆ ಎರಡೂ ಕಡೆಯವರು ನೆಂಟರೇ.

ಕೆಲವು ಆವೃತ್ತಿಗಳು

1997: ಪಾಂಡಂಡ ಕಪ್, ಕರಡ. 60 ಕುಟುಂಬಗಳು. ವಿಜೇತರು ಕಲಿಯಂಡ.
1998: ಕೋಡೀರ ಕಪ್. ತಂಡಗಳ ಸಂಖ್ಯೆ ಮೊದಲ ಬಾರಿಗೆ ನೂರನ್ನು ಮೀರಿತು.
2017: ಬಿದ್ದಾಟಂಡ ಕಪ್, ನಾಪೋಕ್ಲು. 306 ಕುಟುಂಬಗಳು.
2018: ಕುಲ್ಲೇಟಿರ ಕಪ್, ನಾಪೋಕ್ಲು. 22ನೆಯ ಆವೃತ್ತಿ.
2023: ಅಪ್ಪಚೆಟ್ಟೋಳಂಡ ಕಪ್, ನಾಪೋಕ್ಲು. 336 ಕುಟುಂಬಗಳು.
2024: ಕುಂಡ್ಯೋಳಂಡ ಕಪ್, ನಾಪೋಕ್ಲು. 360 ಕುಟುಂಬಗಳು. ವಿಜೇತರು ಚೇಂದಂಡ.
2025: ಮುದ್ದಂಡ ಕಪ್, ಮಡಿಕೇರಿ. 396 ಕುಟುಂಬಗಳು. 25ನೆಯ ಆವೃತ್ತಿ.

ನಾಲ್ಕು ವರ್ಷಗಳ ವಿರಾಮ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಅತಿವೃಷ್ಟಿಯಿಂದ ಭಾರಿ ಭೂಕುಸಿತಗಳು ಸಂಭವಿಸಿದವು. ಜೀವಹಾನಿಯ ಜೊತೆಗೆ ಮನೆಗಳು, ಕಾಫಿ ತೋಟಗಳು, ಗದ್ದೆಗಳು ಮತ್ತು ರಸ್ತೆಗಳು ನಾಶವಾದವು. ಸಂತ್ರಸ್ತರ ನೋವಿನ ನಡುವೆ ಸಂಭ್ರಮ ಸಲ್ಲದೆಂಬ ಭಾವನೆಯಿಂದ 2019ರಲ್ಲಿ ಉತ್ಸವ ನಡೆಯಲಿಲ್ಲ. 2020ರಲ್ಲಿ ಕೋವಿಡ್ ಸಾಂಕ್ರಾಮಿಕ ಎದುರಾಯಿತು. ಅದೇ ವರ್ಷ ಸ್ಥಾಪಕರ ನಿಧನವೂ ಆಯಿತು. 2021 ಮತ್ತು 2022ರಲ್ಲಿಯೂ ಉತ್ಸವ ಜರುಗಲಿಲ್ಲ.

ಸತತ 22 ವರ್ಷ ನಡೆದು ಬಂದ ಉತ್ಸವ ನಾಲ್ಕು ವರ್ಷ ನಿಂತ ನಂತರ 2023ರಲ್ಲಿ ಪುನಃ ಆರಂಭವಾದಾಗ 336 ಕುಟುಂಬಗಳು ಹೆಸರು ನೋಂದಾಯಿಸಿದವು. ವಿರಾಮವು ಕುಟುಂಬಗಳ ಉತ್ಸಾಹವನ್ನು ಕುಗ್ಗಿಸಿರಲಿಲ್ಲವೆಂಬುದಕ್ಕೆ ಈ ಸಂಖ್ಯೆ ಸಾಕ್ಷಿಯಾಯಿತು.

ದಾಖಲೆಗಳು

ಅತಿ ಹೆಚ್ಚು ತಂಡಗಳು ಭಾಗವಹಿಸುವ ಹಾಕಿ ಪಂದ್ಯಾವಳಿಯಾಗಿ ಉತ್ಸವವು ಮೊದಲು ಲಿಮ್ಕಾ ದಾಖಲೆ ಪುಸ್ತಕದಲ್ಲಿ ಸ್ಥಾನ ಪಡೆಯಿತು. 2024ರ ಕುಂಡ್ಯೋಳಂಡ ಕಪ್ ಪಂದ್ಯಾವಳಿಗೆ ಗಿನ್ನೆಸ್ ವಿಶ್ವ ದಾಖಲೆಯ ಮನ್ನಣೆ ದೊರೆಯಿತು.

ಪ್ರಭಾವ

ತಂಡ ಕಟ್ಟುವ ಕೆಲಸವೇ ಒಕ್ಕದ ಸದಸ್ಯರನ್ನು ಹುಡುಕುವ ಕೆಲಸವಾಗಿ ಪರಿಣಮಿಸಿತು. ಆತಿಥ್ಯ ವಹಿಸಿದ ಕುಟುಂಬಗಳಿಗೆ ಸದಸ್ಯರ ಪಟ್ಟಿ ತಯಾರಿಸುವ, ದೂರವಿದ್ದವರನ್ನು ಸಂಪರ್ಕಿಸುವ ಮತ್ತು ಐನ್‌ಮನೆಯಲ್ಲಿ ಸಭೆ ಸೇರುವ ಅಗತ್ಯ ಬಂದಿತು. ಹೊರ ಊರುಗಳಲ್ಲಿರುವವರು ರಜೆಯನ್ನು ಉತ್ಸವದ ದಿನಗಳಿಗೆ ಹೊಂದಿಸಿಕೊಂಡು ಊರಿಗೆ ಬರುವುದು ವಾಡಿಕೆಯಾಗಿದೆ.

ಇದೇ ಮಾದರಿಯಲ್ಲಿ ಕೊಡವ ಕುಟುಂಬಗಳ ಕ್ರಿಕೆಟ್ ಪಂದ್ಯಾವಳಿ ಆರಂಭವಾಯಿತು. ಜಿಲ್ಲೆಯ ಅರೆಭಾಷೆ ಗೌಡ ಸಮುದಾಯ ಮತ್ತು ಕೊಡವ ಮುಸ್ಲಿಂ ಸಮುದಾಯಗಳಲ್ಲಿಯೂ ಕೌಟುಂಬಿಕ ಕ್ರಿಕೆಟ್ ಪಂದ್ಯಾವಳಿಗಳು ನಡೆಯುತ್ತವೆ. ಕುಟುಂಬವನ್ನೇ ತಂಡವನ್ನಾಗಿ ಮಾಡುವ ಈ ಕ್ರಮ ಇಂದು ಕೊಡಗಿನ ಕ್ರೀಡಾ ಜೀವನದ ವಿಶಿಷ್ಟ ಲಕ್ಷಣವಾಗಿದೆ.

ಸವಾಲುಗಳು

ಉತ್ಸವದ ಗಾತ್ರ ಹೆಚ್ಚಿದಂತೆ ಖರ್ಚೂ ಹೆಚ್ಚಿದೆ. ಸದಸ್ಯರ ಸಂಖ್ಯೆಯಲ್ಲಿಯೂ ಆರ್ಥಿಕವಾಗಿಯೂ ಚಿಕ್ಕದಾದ ಒಕ್ಕಗಳಿಗೆ ಆತಿಥ್ಯ ವಹಿಸುವುದು ಸುಲಭವಲ್ಲ. ಬೇಸಿಗೆಯ ಅಕಾಲಿಕ ಮಳೆ ವೇಳಾಪಟ್ಟಿಯನ್ನು ಕದಡುತ್ತದೆ.

ಆಟದ ಗುಣಮಟ್ಟಕ್ಕೆ ಸಂಬಂಧಿಸಿದ ಪ್ರಶ್ನೆಯೂ ಇದೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಅಂತರರಾಷ್ಟ್ರೀಯ ಹಾಕಿ ಕೃತಕ ಹಾಸಿಗೆ ಬದಲಾಗಿದೆ. ಉತ್ಸವದ ಪಂದ್ಯಗಳು ಬಹುತೇಕ ಮಣ್ಣು ಮತ್ತು ಹುಲ್ಲಿನ ನೆಲದಲ್ಲಿ ನಡೆಯುತ್ತವೆ. ಇಲ್ಲಿ ಚೆಂಡಿನ ವೇಗವೂ ಪುಟಿತವೂ ಬೇರೆ. ಆದ್ದರಿಂದ ಇಲ್ಲಿ ಗಮನ ಸೆಳೆದ ಕಿರಿಯರು ಮುಂದೆ ಬರಬೇಕಾದರೆ ಟರ್ಫ್ ಮೈದಾನಗಳಲ್ಲಿ ಪ್ರತ್ಯೇಕ ತರಬೇತಿ ಪಡೆಯಬೇಕು. ಎಲ್ಲ ಪಂದ್ಯಗಳನ್ನೂ ಟರ್ಫ್‌ಗೆ ಒಯ್ದರೆ ಗ್ರಾಮದ ಮೈದಾನದಲ್ಲಿ ಹಬ್ಬದಂತೆ ನಡೆಯುವ ಉತ್ಸವದ ಸ್ವರೂಪವೇ ಬದಲಾಗುತ್ತದೆ. ಪ್ರತಿಭಾನ್ವೇಷಣೆ ಮತ್ತು ಕುಟುಂಬಗಳ ಸಮಾಗಮ ಎಂಬ ಸ್ಥಾಪಕರ ಎರಡು ಉದ್ದೇಶಗಳಲ್ಲಿ ಎರಡನೆಯದು ಇಲ್ಲಿಯವರೆಗೆ ಹೆಚ್ಚು ಸಫಲವಾಗಿದೆ.

ಇದನ್ನೂ ನೋಡಿ

ಕೊಡಗು ಜಿಲ್ಲೆ
ಕೊಡವರು
ಐನ್‌ಮನೆ
ಭಾರತದಲ್ಲಿ ಹಾಕಿ
ಕೈಲ್‌ಪೊಳ್ದ್
ಪುತ್ತರಿ