ಭಸ್ಮಾಸುರನೂ ಅಲ್ಲ, ಫ್ರಾಂಕೆನ್‌ಸ್ಟೈನನೂ ಅಲ್ಲ

ಬಯಲಾಟದಲ್ಲಿ ರಕ್ಕಸನಾದರೂ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಪರದೆಯ ಹಿಂದಿನಿಂದ ಅಬ್ಬರಿಸುತ್ತ, ಭುಜಕೀರ್ತಿ ಕುಲುಕಿಸುತ್ತ, ಅಟ್ಟದ ಹಲಗೆ ನಡುಗುವಂತೆ ಹೆಜ್ಜೆ ಹಾಕಿ ಬಂದವನನ್ನು ಸಾರಥಿ ತಡೆದು ನಿಲ್ಲಿಸುತ್ತಾನೆ. ಯಾರು, ಯಾವ ಪಟ್ಟಣ, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ರಕ್ಕಸ ತನ್ನ ಹೆಸರು, ಕುಲ, ಪರಾಕ್ರಮಗಳನ್ನೆಲ್ಲ ಸಾರಿದ ಮೇಲೆಯೇ ಕಥೆ ಮುಂದೆ ಸಾಗುವುದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಳಕಮದಿನ್ನಿಯಂಥ ಊರುಗಳಿಂದ ಹಿಡಿದು ಬಳ್ಳಾರಿಯ ತನಕ, ರಾತ್ರಿಯಿಡೀ ಕೂತು ಆಟ ನೋಡುವವರಿಗೆ ಇದು ರೂಢಿ. ರಕ್ಕಸನಿಗೆ ವರ ಕೊಟ್ಟವರು ಯಾರು, ಬೆಳಗಾಗುವುದರೊಳಗೆ ಅವನನ್ನು ಕೊಲ್ಲುವವರು ಯಾರು ಎಂಬುದು ಅವರಿಗೆ ಮೊದಲೇ ಗೊತ್ತು.

ಸಿನಿಮಾ ಲೋಕದ ಅತಿ ಪ್ರಸಿದ್ಧ ರಕ್ಕಸನಿಗೆ ಇಂಥ ಸಾರಥಿ ಸಿಗಲಿಲ್ಲ. 1931ರ ನವೆಂಬರ್‌ನಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆ ‘ಫ್ರಾಂಕೆನ್‌ಸ್ಟೈನ್’ ಚಿತ್ರವನ್ನು ಬಿಡುಗಡೆ ಮಾಡಿತು. ಆರಂಭದ ಪಾತ್ರಪಟ್ಟಿಯಲ್ಲಿ ಆ ಜೀವಿಯ ಎದುರು, ನಟನ ಹೆಸರಿರಬೇಕಾದ ಜಾಗದಲ್ಲಿ, ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇತ್ತು. ಜೀವಿಗೆ ಹೆಸರೇ ಇರಲಿಲ್ಲ. ಜನ ಸುಮ್ಮನಿರಲಿಲ್ಲ. ಚಿತ್ರದ ಹೆಸರನ್ನೇ ಅವನಿಗೆ ಅಂಟಿಸಿದರು. ಅವನ ಕಥೆ ಕೇಳಿದ ಕನ್ನಡಿಗರಿಗೆ ತಮ್ಮದೇ ಇನ್ನೊಂದು ಹೆಸರು ನೆನಪಾಯಿತು: ಭಸ್ಮಾಸುರ. ಎರಡೂ ತಪ್ಪೇ. ಆದರೆ ಅವು ನೋಡುಗರ ದಡ್ಡತನದಿಂದ ಹುಟ್ಟಿದ ತಪ್ಪುಗಳಲ್ಲ. ನಾಟಕದವರು, ಸೆನ್ಸಾರ್‌ನವರು, ಪೋಸ್ಟರ್ ಬರೆದವರು, ಜೊತೆಗೆ ನಮ್ಮ ಪುರಾಣದ ರೂಢಿ, ಇವರೆಲ್ಲರ ಪಾಲೂ ಅವುಗಳಲ್ಲಿದೆ.

ಕಥೆಯ ಬೇರು ಒಂದು ಕೆಟ್ಟ ಬೇಸಿಗೆಯಲ್ಲಿದೆ. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಉಗುಳಿದ ಗಂಧಕದ ಕಣಗಳು ಬಿಸಿಲನ್ನು ತಡೆದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಸ್ನೇಹಿತರಿಗೆ ಕವಿ ಬೈರನ್, ಒಬ್ಬೊಬ್ಬರೂ ಒಂದೊಂದು ದೆವ್ವದ ಕಥೆ ಬರೆಯೋಣ ಎಂದ. ಅಲ್ಲಿದ್ದ 18 ವರ್ಷದ ಮೇರಿ ಬರೆಯತೊಡಗಿದ ಕಥೆ 1818ರ ಜನವರಿ 1ರಂದು, ಲೇಖಕಿಯ ಹೆಸರಿಲ್ಲದೆ, ಪುಸ್ತಕವಾಗಿ ಹೊರಬಂತು. ಆಕೆಯೇ ಮೇರಿ ಶೆಲ್ಲಿ.

ಆ ಕಾದಂಬರಿಯನ್ನು ತೆರೆದರೆ ನಮಗೆ ‘ಗೊತ್ತಿರುವ’ ಅರ್ಧಕ್ಕರ್ಧ ಸಂಗತಿಗಳು ಅಲ್ಲಿ ಇಲ್ಲ. ಫ್ರಾಂಕೆನ್‌ಸ್ಟೈನ್ ಎಂಬುದು ಜೀವಿಯನ್ನು ಮಾಡಿದವನ ಹೆಸರು. ಅವನು ಡಾಕ್ಟರನೂ ಅಲ್ಲ, ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹುಡುಗ. ಸಿಡಿಲಿನಿಂದ ಜೀವ ತುಂಬುವ ಯಂತ್ರ ಅಲ್ಲಿಲ್ಲ. ಹೇಗೆ ಜೀವ ಬರಿಸಿದ ಎಂಬುದನ್ನು ಆತ ಬೇಕೆಂದೇ ಮುಚ್ಚಿಡುತ್ತಾನೆ. ಗೂನುಬೆನ್ನಿನ ಸಹಾಯಕ ಇಲ್ಲ. ಎಂಟು ಅಡಿ ಎತ್ತರದ ಆ ಜೀವಿ ಮೂಕನಲ್ಲ, ಒಳ್ಳೆಯ ಮಾತುಗಾರ. ಒಂದು ಬಡ ಕುಟುಂಬವನ್ನು ಮರೆಯಲ್ಲಿ ನಿಂತು ನೋಡುತ್ತ ಭಾಷೆ ಕಲಿಯುತ್ತಾನೆ, ಮಿಲ್ಟನ್‌ನ ಮಹಾಕಾವ್ಯ ಓದುತ್ತಾನೆ. ತನ್ನನ್ನು ಹುಟ್ಟಿಸಿದವನು ಯಾಕೆ ಬಿಟ್ಟು ಓಡಿದ ಎಂಬುದೇ ಅವನ ಅಳಲು.

ಅವನನ್ನು ಮೂಕನಾಗಿಸಿದ್ದು ರಂಗಭೂಮಿ. 1823ರಲ್ಲಿ ಲಂಡನ್‌ನಲ್ಲಿ ರಿಚರ್ಡ್ ಬ್ರಿನ್ಸ್‌ಲಿ ಪೀಕ್ ಈ ಕಥೆಯನ್ನು ನಾಟಕಕ್ಕೆ ಅಳವಡಿಸಿದ. ಜೀವಿಯ ಪಾತ್ರ ವಹಿಸಿದ ಟಿ.ಪಿ. ಕುಕ್ ಮಾತಿಲ್ಲದೆ, ಬರೀ ಆಂಗಿಕ ಅಭಿನಯದಿಂದ ಜನರನ್ನು ಹೆದರಿಸಿದ. ಸಹಾಯಕ ಫ್ರಿಟ್ಜ್ ಕಥೆಯೊಳಗೆ ಕಾಲಿಟ್ಟದ್ದೂ ಆಗಲೇ. ಕರಪತ್ರದಲ್ಲಿ ಜೀವಿಯ ಹೆಸರಿರಬೇಕಾದ ಕಡೆ ಉದ್ದನೆಯ ಗೀಟು ಎಳೆದಿದ್ದರು. ಆಗಸ್ಟ್‌ನಲ್ಲಿ ನಾಟಕ ನೋಡಿದ ಮೇರಿ ಶೆಲ್ಲಿಗೆ ಆ ಗೀಟು ಹಿಡಿಸಿತು. ನೋಡುಗರಿಗೆ ಗೀಟನ್ನು ಉಚ್ಚರಿಸಲು ಆಗುವುದಿಲ್ಲವಲ್ಲ! ಮನೆಗೆ ಹೋಗಿ ಅವನ ಬಗ್ಗೆ ಹೇಳಬೇಕಾದರೆ ಏನಾದರೊಂದು ಹೆಸರು ಬೇಕೇ ಬೇಕು. 1927ರ ಪೆಗ್ಗಿ ವೆಬ್ಲಿಂಗ್ ನಾಟಕದಲ್ಲಂತೂ ಮಾಡಿದವನ ಹೆಸರನ್ನೇ ಜೀವಿಗೂ ಇಡಲಾಯಿತು. ಯೂನಿವರ್ಸಲ್ ಚಿತ್ರಕ್ಕೆ ಆಧಾರವಾದದ್ದು ಆ ನಾಟಕವೇ.

ಜೇಮ್ಸ್ ವೇಲ್ ನಿರ್ದೇಶಿಸಿದ ಈ ಚಿತ್ರ ಸುಮಾರು 70 ನಿಮಿಷದ್ದು. ಹಿನ್ನೆಲೆ ಸಂಗೀತ ಇಲ್ಲವೆನ್ನುವಷ್ಟು ಕಡಿಮೆ. ಇಂದು ಮಕ್ಕಳ ಪುಸ್ತಕದಿಂದ ಹಿಡಿದು ಟೀ ಶರ್ಟಿನ ತನಕ ಕಾಣುವ ಮುಖವನ್ನು ರೂಪಿಸಿದವನು ಮೇಕಪ್ ಕಲಾವಿದ ಜ್ಯಾಕ್ ಪಿಯರ್ಸ್. ತಲೆಬುರುಡೆ ತೆರೆದು ಮಿದುಳು ಇಡಬೇಕಾದರೆ ಮೇಲ್ಭಾಗವನ್ನು ಅಡ್ಡಕ್ಕೆ ಕೊಯ್ಯುವುದೇ ಸುಲಭ ಎಂದು ಲೆಕ್ಕ ಹಾಕಿ, ಚಪ್ಪಟೆ ನೆತ್ತಿಯನ್ನು ಕೊಟ್ಟ. ಕತ್ತಿನ ಎರಡು ಬದಿಗೆ ಚಾಚಿರುವುದನ್ನು ತಲೆ ಜೋಡಿಸಿದ ಬೋಲ್ಟು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ವಿದ್ಯುತ್ ಹರಿಸುವ ತುದಿ. ಚಿತ್ರ ಕಪ್ಪು ಬಿಳುಪಿನದು, ಹಾಗಾಗಿ ತೆರೆಯ ಮೇಲೆ ಅವನ ಮುಖದ ಬಣ್ಣ ಕಾಣುವುದಿಲ್ಲ. ಹೆಣದ ಬಿಳಚು ಕ್ಯಾಮೆರಾದಲ್ಲಿ ಚೆನ್ನಾಗಿ ಮೂಡಲೆಂದು ಮುಖಕ್ಕೆ ಹಸಿರು ಮಿಶ್ರಿತ ಬೂದು ಬಣ್ಣ ಬಳಿದಿದ್ದರು. ಪೋಸ್ಟರ್‌ಗಳಿಂದ ಆ ಹಸಿರು ಜನರ ಕಣ್ಣಿಗೆ ಅಂಟಿಕೊಂಡಿತು.

ಪ್ರಶ್ನಾರ್ಥಕ ಚಿಹ್ನೆಯ ಹಿಂದಿದ್ದ ನಟ ಬೋರಿಸ್ ಕಾರ್ಲಾಫ್. ಹೆಸರು ಕೇಳಿ ರಷ್ಯಾದವನೆಂದು ಅಂದುಕೊಂಡವರು ಅನೇಕರು. ಅವನ ಹುಟ್ಟುಹೆಸರು ವಿಲಿಯಂ ಹೆನ್ರಿ ಪ್ರ್ಯಾಟ್, ಹುಟ್ಟಿದ್ದು 1887ರಲ್ಲಿ ಲಂಡನ್‌ನಲ್ಲಿ. ತಂದೆ ಬ್ರಿಟಿಷ್ ಭಾರತದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವರು. ಸಯಾಮಿನ ಅರಮನೆಯ ಶಿಕ್ಷಕಿಯೆಂದು ಹೆಸರಾದ ಆ್ಯನಾ ಲಿಯೊನೊವೆನ್ಸ್ ಅವನ ತಾಯಿಗೆ ಚಿಕ್ಕಮ್ಮ, ಅಂದರೆ ಅಜ್ಜಿಯ ತಂಗಿ. ಆಕೆ ಹುಟ್ಟಿದ್ದು ಮುಂಬೈ ಪ್ರಾಂತದ ಅಹಮದ್‌ನಗರದಲ್ಲಿ. ಹಾಲಿವುಡ್‌ನ ಅತಿ ದೊಡ್ಡ ರಕ್ಕಸನ ವಂಶದ ಒಂದು ಎಳೆ ಹೀಗೆ ದಖ್ಖನ್ನಿಗೆ ಬಂದು ಮುಟ್ಟುತ್ತದೆ.

ನೋಡುಗರು ಎಡವುವ ದೊಡ್ಡ ಜಾಗ ಮಿದುಳಿನ ಜಾಡಿ. ಫ್ರಿಟ್ಜ್ ಕಾಲೇಜಿನಿಂದ ಒಳ್ಳೆಯ ಮಿದುಳು ಕದಿಯಲು ಹೋಗಿ, ಸದ್ದಿಗೆ ಬೆಚ್ಚಿ ಜಾಡಿಯನ್ನು ಒಡೆದುಕೊಂಡು, ಪಕ್ಕದಲ್ಲಿದ್ದ ಅಪರಾಧಿಯ ಮಿದುಳನ್ನು ತರುತ್ತಾನೆ. ಕಾದಂಬರಿಯಲ್ಲಿಲ್ಲದ ಈ ಘಟನೆ ಸಿನಿಮಾ ಸೇರಿಸಿದ್ದು. ಇದನ್ನು ನೋಡಿದವರು ‘ಹುಟ್ಟಿನಿಂದಲೇ ದುಷ್ಟ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಆದರೆ ಮುಂದಿನ ದೃಶ್ಯಗಳು ಬೇರೆಯದನ್ನೇ ಹೇಳುತ್ತವೆ. ಮಾಳಿಗೆಯ ಗವಾಕ್ಷಿ ತೆರೆದಾಗ ಬೆಳಕು ಸುರಿಯುತ್ತದೆ. ಆ ಜೀವಿ ಮುಖ ಮೇಲೆತ್ತಿ ಎರಡೂ ಕೈ ಚಾಚಿ ಬೆಳಕನ್ನು ಹಿಡಿಯಲು ನೋಡುತ್ತಾನೆ. ಗವಾಕ್ಷಿ ಮುಚ್ಚುತ್ತದೆ. ಕೈಗಳು ಹಾಗೇ ಬೇಡುತ್ತ ಉಳಿಯುತ್ತವೆ. ಫ್ರಿಟ್ಜ್ ಪಂಜು ಹಿಡಿದು ಅವನ ಮುಖಕ್ಕೆ ತಾಗಿಸುವಂತೆ ಆಡಿಸಿ, ಚಾವಟಿಯಿಂದ ಹೊಡೆದು ಕಾಡಿದ ಮೇಲೆಯೇ ಅವನು ಮೊದಲ ಕೊಲೆ ಮಾಡುವುದು.

ಇನ್ನೊಂದು ದೃಶ್ಯಕ್ಕೆ ಬಿದ್ದ ಕತ್ತರಿಯಿಂದ ಅನರ್ಥವೇ ಆಯಿತು. ಸರೋವರದ ದಡದಲ್ಲಿ ಮರಿಯಾ ಎಂಬ ಪುಟ್ಟ ಹುಡುಗಿ ಹೆದರದೆ ಅವನ ಕೈ ಹಿಡಿಯುತ್ತಾಳೆ, ಹೂ ಕೊಡುತ್ತಾಳೆ. ಇಬ್ಬರೂ ಹೂಗಳನ್ನು ಒಂದೊಂದಾಗಿ ನೀರಿಗೆ ಎಸೆದು ದೋಣಿಯ ಹಾಗೆ ತೇಲಿಬಿಡುತ್ತಾರೆ. ಇಡೀ ಚಿತ್ರದಲ್ಲಿ ಅವನು ಮನಸಾರೆ ನಗುವುದು ಇಲ್ಲಿ. ಹೂ ಮುಗಿದಾಗ, ಇವಳೂ ತೇಲುತ್ತಾಳೆ ಎಂದುಕೊಂಡು ಹುಡುಗಿಯನ್ನೇ ಎತ್ತಿ ನೀರಿಗೆ ಹಾಕುತ್ತಾನೆ. ಅವಳು ಮುಳುಗುತ್ತಾಳೆ, ಅವನು ಗಾಬರಿಯಿಂದ ತಡಬಡಿಸುತ್ತ ಓಡುತ್ತಾನೆ. ಮಗು ಮುಳುಗುವುದು ಕ್ರೂರವೆಂದು ಸೆನ್ಸಾರ್‌ನವರು ಅದನ್ನು ಕತ್ತರಿಸಿದರು. ಉಳಿದದ್ದೇನು? ಅವನು ಹುಡುಗಿಯ ಕಡೆ ಕೈ ಚಾಚುವುದು. ಆಮೇಲೆ ಅವಳ ಹೆಣ ಹೊತ್ತು ಬೀದಿಯಲ್ಲಿ ನಡೆದುಬರುವ ಅಪ್ಪ. ನಡುವೆ ಏನಾಯಿತೆಂದು ಜನ ಊಹಿಸಿಕೊಂಡದ್ದು, ಕತ್ತರಿಸಿದ್ದಕ್ಕಿಂತ ಎಷ್ಟೋ ಪಾಲು ಹೇಯವಾದದ್ದು. ಸುಮಾರು ಅರ್ಧ ಶತಮಾನ ಜನ ಹೆಚ್ಚಾಗಿ ನೋಡಿದ್ದು ಈ ಕೊಯ್ದ ಪ್ರತಿಯನ್ನೇ. ಕತ್ತರಿಸಿದ ತುಣುಕು ಮರಳಿ ಸೇರಿದ್ದು 1980ರ ದಶಕದಲ್ಲಿ. ಜೀವ ಬಂದ ಕ್ಷಣದಲ್ಲಿ ವಿಜ್ಞಾನಿ ತನ್ನನ್ನು ದೇವರಿಗೆ ಹೋಲಿಸಿಕೊಳ್ಳುವ ಮಾತಿಗೂ 1930ರ ದಶಕದ ಕೊನೆಯ ಮರುಬಿಡುಗಡೆಯಲ್ಲಿ ಗುಡುಗಿನ ಸದ್ದು ಮುಚ್ಚಿ ಹಾಕಿದ್ದರು. ಮಾಡಿದವನ ಅಹಂಕಾರ ಮರೆಯಾಯಿತು, ಹುಟ್ಟಿದವನ ಮೇಲೆ ಕೊಲೆಪಾತಕಿಯ ಹಣೆಪಟ್ಟಿ ಉಳಿಯಿತು.

ಸಣ್ಣಪುಟ್ಟ ತಪ್ಪುಗಳು ಇನ್ನೂ ಇವೆ. ಸಹಾಯಕನ ಹೆಸರು ಇಗೋರ್ ಎಂದು ಈಗ ಎಲ್ಲರೂ ಹೇಳುತ್ತಾರೆ. ಆ ಹೆಸರು ಬರುವುದು 1939ರ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ. ಅಲ್ಲಿ ಅವನು ನೇಣಿಗೇರಿಸಿದರೂ ಸಾಯದೆ ಕತ್ತು ಮುರಿದುಕೊಂಡು ಬದುಕಿದವನು, ಪ್ರಯೋಗಶಾಲೆಯ ಆಳಲ್ಲ. 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಎಂಬ ಹೆಸರಂತೂ ಫ್ರಾಂಕೆನ್‌ಸ್ಟೈನ್ ಎಂದರೆ ಯಾರು ಎಂಬ ಗೊಂದಲವನ್ನು ಗಟ್ಟಿ ಮಾಡಿತು.

ಇನ್ನು ಭಸ್ಮಾಸುರ. ಕನ್ನಡದಲ್ಲಿ ಫ್ರಾಂಕೆನ್‌ಸ್ಟೈನ್ ಕಥೆ ಹೇಳುವವರಿಗೆ ಈ ಹೋಲಿಕೆ ತಾನಾಗಿಯೇ ಬಾಯಿಗೆ ಬರುತ್ತದೆ. ಅದರಲ್ಲಿ ಆಶ್ಚರ್ಯವಿಲ್ಲ. ಚಿತ್ರ ನಿರ್ದೇಶಕ ಫಾಲ್ಕೆಯವರು 1913ರಲ್ಲೇ ‘ಮೋಹಿನಿ ಭಸ್ಮಾಸುರ’ ತೆಗೆದರು, ಕನ್ನಡದಲ್ಲೂ 1966ರಲ್ಲಿ ಅದೇ ಹೆಸರಿನ ಚಿತ್ರ ಬಂತು, ಯಕ್ಷಗಾನದಲ್ಲಿ ಇಂದಿಗೂ ಆ ಪ್ರಸಂಗ ಆಡುತ್ತಾರೆ. ವರ ಕೊಟ್ಟವನ ತಲೆಯ ಮೇಲೇ ಕೈ ಇಡಲು ಹೊರಟವನ ಕಥೆ ನಮಗೆ ಕರತಲಾಮಲಕ. ಆದರೆ ಭಸ್ಮಾಸುರ ತಪಸ್ಸು ಮಾಡಿ, ಬೇಕಾದ ವರವನ್ನು ಬಾಯಿಬಿಟ್ಟು ಕೇಳಿ ಪಡೆದವನು. ಅವನು ಶಿವನ ಮೈಯ ಬೂದಿಯಿಂದಲೇ ಹುಟ್ಟಿದನೆಂದು ಹೇಳುವ ಕಥೆಗಳಲ್ಲೂ ಉರಿಗೈಯನ್ನು ಬೇಡಿದವನು ಅವನೇ. ಫ್ರಾಂಕೆನ್‌ಸ್ಟೈನ್‌ನ ಜೀವಿ ಏನನ್ನೂ ಕೇಳಲಿಲ್ಲ. ಹುಟ್ಟನ್ನೂ ಕೇಳಲಿಲ್ಲ. ಭಸ್ಮಾಸುರನ ಕಥೆಯಲ್ಲಿ ತಪ್ಪಿತಸ್ಥ ಪಡೆದವನು, ಇಲ್ಲಿ ಮಾಡಿ ಕೈಬಿಟ್ಟವನು. ಹೋಲಿಕೆ ಮಾಡಿದ ಕೂಡಲೇ ನಾವು ಅಪರಾಧವನ್ನು ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಸಾಗಿಸಿಬಿಡುತ್ತೇವೆ.

ನೋಡುಗರಿಗೆ ರಕ್ಕಸನೇ ಮುಖ್ಯವಾಗುವುದನ್ನು ಹಿಂದಿ ಚಿತ್ರರಂಗ ಬೇಗ ಅರಿತುಕೊಂಡಿತು. 1970ರಲ್ಲಿ ಬಂದ ‘ಏಕ್ ನನ್ಹೀ ಮುನ್ನೀ ಲಡ್ಕೀ ಥೀ’ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ಭಯಂಕರ ಮುಖವಾಡ ತೊಟ್ಟು ಬರುವ ಕಳ್ಳತನದ ದೃಶ್ಯಕ್ಕೆ ಜನ ಬೆಚ್ಚಿ ಕೂಗುವುದನ್ನು ನಿರ್ಮಾಪಕರ ಮಕ್ಕಳು ಗಮನಿಸಿದರು. ಅವರೇ ರಾಮ್ಸೆ ಸಹೋದರರು. 1972ರ ‘ದೋ ಗಜ್ ಜಮೀನ್ ಕೆ ನೀಚೆ’ಯಿಂದ 1984ರ ‘ಪುರಾನಾ ಮಂದಿರ್’ ದಾಟಿ ಅವರ ಚಿತ್ರಗಳು ಸಣ್ಣ ಪಟ್ಟಣಗಳಲ್ಲಿ ಹಣ ಬಾಚಿದವು. ‘ಪುರಾನಾ ಮಂದಿರ್’ನಂಥ ಚಿತ್ರಗಳಲ್ಲಿ ವಿಜ್ಞಾನಿಯ ಜಾಗಕ್ಕೆ ಶಾಪ ಬಂತು, ಪ್ರಯೋಗಶಾಲೆಯ ಜಾಗಕ್ಕೆ ಹಳೆಯ ಹವೇಲಿ. ರಕ್ಕಸ ಮಾತ್ರ ಹುಟ್ಟಾ ದುಷ್ಟ. ಅವನನ್ನು ಕೊಂದರೆ ಮಂಗಳ. ಕನ್ನಡದಲ್ಲಿ ಮಾಡಿದವನ ಹೊಣೆಯ ಪ್ರಶ್ನೆಯ ಹತ್ತಿರ ಬಂದದ್ದು ಭಯದ ಚಿತ್ರವಲ್ಲ. 2002ರಲ್ಲಿ ಉಪೇಂದ್ರ ನಟಿಸಿದ ‘ಹಾಲಿವುಡ್’. ಮನುಷ್ಯ ಮಾಡಿದ ರೋಬೋ ನಾಯಕಿಯ ಮೇಲೆ ಮನಸ್ಸಿಟ್ಟು ಎದುರು ನಿಲ್ಲುವ ಕಥೆ ಅದು.

ಕಾರ್ಲಾಫ್‌ನ ಜೀವಿಯನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಇರಲಿಲ್ಲವೆಂದಲ್ಲ. ಮಕ್ಕಳಿಗೆ ಆ ಜೀವಿಯ ಮೇಲೆ ಕನಿಕರ ಹುಟ್ಟಿತೆಂದು, ಅದನ್ನು ತಿಳಿಸಿ ತನಗೆ ಪತ್ರ ಬರೆದರೆಂದು ಕಾರ್ಲಾಫ್ ಹೇಳಿಕೊಂಡಿದ್ದಾನೆ. ಚಿತ್ರದ ಕೊನೆಯಲ್ಲಿ, ಪಂಜು ಹಿಡಿದು ಗಾಳಿಗಿರಣಿಗೆ ಬೆಂಕಿ ಇಟ್ಟ ಊರಿನವರ ಪಕ್ಷವನ್ನು ದೊಡ್ಡವರು ವಹಿಸಿದಾಗ, ಮಕ್ಕಳು ಒಳಗೆ ಸಿಕ್ಕಿಕೊಂಡವನ ಪಕ್ಷ ವಹಿಸಿದ್ದರು.

ಈಗ ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತು ಬಂದಾಗಲೆಲ್ಲ ಫ್ರಾಂಕೆನ್‌ಸ್ಟೈನ್, ಭಸ್ಮಾಸುರ ಇಬ್ಬರೂ ಹಾಜರಾಗುತ್ತಾರೆ, ಯಂತ್ರ ತಿರುಗಿಬೀಳುತ್ತದೆ ಎಂದು ಹೆದರಿಸಲು. ಮೇರಿ ಶೆಲ್ಲಿ ಕೇಳಿದ್ದು ಯಂತ್ರದ ಬಗ್ಗೆ ಅಲ್ಲ, ಮಾಡಿ ಓಡಿಹೋದವನ ಬಗ್ಗೆ. ವೇಲ್‌ನ ಚಿತ್ರವೂ ಅದನ್ನೇ ಕೇಳುತ್ತದೆ, ಪೂರ್ತಿ ನೋಡಿದರೆ. ಆದ್ದರಿಂದ ನೋಡಬೇಕೆನ್ನುವವರು ಸರೋವರದ ದೃಶ್ಯ ಕೊನೆಯ ತನಕ ಇರುವ ಪ್ರತಿಯನ್ನೇ ಹುಡುಕಿ ನೋಡಿ. ಅದಿಲ್ಲದ ಪ್ರತಿಯಲ್ಲಿರುವುದು ಬೇರೆಯೇ ಕಥೆ.