ಅಳಿಸಿದ ಕಡತಗಳು ಮತ್ತು ಬ್ಯಾಕಪ್: ಅರ್ಜಿದಾರರ ಮಾಹಿತಿಗಾಗಿ

ಅರ್ಜಿಯೊಂದಿಗೆ ಸಲ್ಲಿಸಲು ಸ್ಕ್ಯಾನ್ ಮಾಡಿಟ್ಟ ಜಾತಿ ಅಥವಾ ಆದಾಯ ಪ್ರಮಾಣ ಪತ್ರದ ಕಡತವು ಗಣಕಯಂತ್ರದಿಂದ ಅಳಿಸಿಹೋದಲ್ಲಿ, ಬ್ಯಾಕಪ್ ತಂತ್ರಾಂಶ ಬಳಸುವ ಅರ್ಜಿದಾರರು ಇತ್ತೀಚಿನ ಸ್ನ್ಯಾಪ್‌ಶಾಟ್ ಒಂದನ್ನೇ ನೋಡಿ ಕಡತವಿಲ್ಲವೆಂದು ತೀರ್ಮಾನಿಸತಕ್ಕದ್ದಲ್ಲ. ಪ್ರತಿಯೊಂದು ಸ್ನ್ಯಾಪ್‌ಶಾಟ್ ಅದನ್ನು ತೆಗೆದ ಸಮಯದ ಸ್ಥಿತಿಯನ್ನು ಮಾತ್ರ ದಾಖಲಿಸುತ್ತದೆ. ಅಳಿಸಿದ ನಂತರದ್ದರಲ್ಲಿ ಸದರಿ ಕಡತ ಇರುವುದಿಲ್ಲ, ಹಿಂದಿನವುಗಳಲ್ಲಿ ಇರುತ್ತದೆ.

ಉಚಿತವಾಗಿ ದೊರೆಯುವ ರೆಸ್ಟಿಕ್ ತಂತ್ರಾಂಶದಲ್ಲಿ ‘ಫೈಂಡ್’ ಕಮಾಂಡ್‌ಗೆ ಕಡತದ ಹೆಸರು ನೀಡಿದಲ್ಲಿ ಅದು ಯಾವ ಸ್ನ್ಯಾಪ್‌ಶಾಟ್‌ಗಳಲ್ಲಿದೆ ಎಂಬುದು ತಿಳಿಯುತ್ತದೆ. ಅವುಗಳಲ್ಲೊಂದರಿಂದ ‘ರಿಸ್ಟೋರ್’ ಮೂಲಕ ಬೇರೊಂದು ಫೋಲ್ಡರ್‌ಗೆ ಮರಳಿ ಪಡೆಯಬಹುದು. ರೆಸ್ಟಿಕ್ ದತ್ತಾಂಶವನ್ನು ಗೂಢಲಿಪಿಯಲ್ಲಿ ಇಡುವುದರಿಂದ, ಪಾಸ್‌ವರ್ಡ್ ಕಳೆದುಹೋದಲ್ಲಿ ಏನೂ ದೊರೆಯುವುದಿಲ್ಲ.

ಇದೇ ಕಾರಣದಿಂದ, ಕೆಲಸ ಮುಗಿದ ಮೇಲೆ ಅಳಿಸಿದ ಆಧಾರ್ ಪ್ರತಿಯೂ ಹಳೆಯ ಸ್ನ್ಯಾಪ್‌ಶಾಟ್‌ಗಳಲ್ಲಿ ಉಳಿದೇ ಇರುತ್ತದೆ. ಹಲವರು ಇದನ್ನು ಗಮನಿಸುವುದಿಲ್ಲ. ‘ಫರ್ಗೆಟ್’ ಕಮಾಂಡ್ ಸ್ನ್ಯಾಪ್‌ಶಾಟ್ ಅನ್ನು ಪಟ್ಟಿಯಿಂದ ತೆಗೆಯುತ್ತದೆಯೇ ಹೊರತು ದತ್ತಾಂಶವನ್ನು ಅಳಿಸುವುದಿಲ್ಲ. ಡಿಸ್ಕ್‌ನಲ್ಲಿ ಜಾಗವೂ ತೆರವಾಗುವುದಿಲ್ಲ. ಅದಕ್ಕೆ ‘ಪ್ರೂನ್’ ಅಗತ್ಯ. ಪ್ರೂನ್ ಸಹ ಬಳಕೆಯಲ್ಲಿಲ್ಲದ ದತ್ತಾಂಶವನ್ನು ಸಾಮಾನ್ಯವಾಗಿ ಶೇ. 5ರವರೆಗೆ ಉಳಿಸಿಕೊಳ್ಳಬಹುದಾದ್ದರಿಂದ, ಪೂರ್ಣವಾಗಿ ತೆಗೆಯಬೇಕಾದಲ್ಲಿ ‘ಮ್ಯಾಕ್ಸ್-ಅನ್‌ಯೂಸ್ಡ್’ ಆಯ್ಕೆಗೆ 0 ಎಂದು ನಮೂದಿಸತಕ್ಕದ್ದು. ಹೀಗೆ ತೆಗೆದ ಕಡತವನ್ನು ಆ ಬ್ಯಾಕಪ್‌ನಿಂದ ಮರಳಿ ಪಡೆಯಲಾಗದು. ಬೇಕಾದ ಪ್ರಮಾಣ ಪತ್ರಗಳನ್ನು ಮೊದಲೇ ಹೊರತೆಗೆದು, ತೆರೆದು ಪರಿಶೀಲಿಸಿಕೊಳ್ಳತಕ್ಕದ್ದು.